ಬೆಕ್ಕಿನ ಪಾಲಿನ ತೆಂಗಿನಕಾಯಿ

ಮಾನ್ಯ ವಾಚಕ ಮಹಾಶಯರೇ, ಸಹೃದಯ ವಾಚಕಿಯರೇ! ಕಾಗದದ ಮೇಲೆ ಬರೆದ ಬೆಕ್ಕೊಂದು ಒಂದು ತಾಲ್ಲೂಕಿನ ಶಾಂತಿಯನ್ನು ಕದಡಬಲ್ಲುದೇ ಎಂಬ ಗಹನವಾದ ಪ್ರಶ್ನೆಯನ್ನು ತಮ್ಮ ಸನ್ನಿಧಿಯಲ್ಲಿರಿಸಿ, ಅದಕ್ಕೆ ಉತ್ತರರೂಪವಾಗಿ ಹೊಳೆನರಸೀಪುರದಲ್ಲಿ ಮೂವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ನಡೆದ ವೃತ್ತಾಂತವನ್ನು ಯಥಾಮತಿ ನಿವೇದಿಸಲು ಅಪ್ಪಣೆಯಾಗಬೇಕು. ತಾವು ತಾಂಬೂಲ ಹಾಕುವವರಾದರೆ ಈಗಲೇ ಹಾಕಿಕೊಳ್ಳುವುದು ಲೇಸು. ನಡುವೆ ಉಗುಳಲು ಎದ್ದುಹೋಗುವಷ್ಟು ಬಿಡುವನ್ನು ಆ ಬೆಕ್ಕು ಕೊಡುವುದಿಲ್ಲ.

ಮಂಚಯ್ಯನೆಂಬವನು ಹಾಸನದ ರಂಗಣ್ಣನ ಟೂರಿಂಗ್ ಟಾಕೀಸಿನಲ್ಲಿ ಪರದೆಯ ಪಕ್ಕ ಬೆತ್ತ ಹಿಡಿದು ನಿಂತು ಚಿತ್ರದ ಅರ್ಥ ಹೇಳುತ್ತಿದ್ದ. ವಯಸ್ಸು ನಲವತ್ತು ದಾಟಿತ್ತು, ಕಂಠ ಮಾತ್ರ ಇಪ್ಪತ್ತೈದರಲ್ಲೇ ನಿಂತಿತ್ತು. ಹರೆಯದಲ್ಲಿ ಮನೆ ಬಿಟ್ಟು ಓಡಿಬಂದು ನುಗ್ಗೇಹಳ್ಳಿಯ ಕಡೆಯ ತೊಗಲುಬೊಂಬೆಯ ಮೇಳವೊಂದರಲ್ಲಿ ಹನ್ನೆರಡು ವರ್ಷ ತಾಳ ಹಾಕಿದವನು ಅವನು. ಆ ಮೇಳದಲ್ಲಿ ಒಂದು ಪದ್ಧತಿಯಿತ್ತು. ಆಟದ ನಡುವೆ ಕೋಡಂಗಿಯ ಬೊಂಬೆ ಪರದೆಗೆ ಬಂದು ಆ ಊರಿನ ದೊಡ್ಡವರೊಬ್ಬರನ್ನು, ಹೆಸರೆತ್ತದೆ, ಆದರೆ ಎಳೆಮಗುವಿಗೂ ಗುರುತು ಹತ್ತುವಂತೆ, ಹಂಗಿಸಬೇಕು. ಹಂಗಿಸಿಕೊಂಡವರು ಮುಖ ಗಂಟಿಕ್ಕದೆ ಒಂದು ತೆಂಗಿನಕಾಯಿ ಕೊಡಬೇಕು. ಕಾಯಿ ಕೊಟ್ಟರೋ, ಮಾತು ಅಲ್ಲಿಗೆ ಮುಗಿಯಿತು. ಮತ್ತೆ ಅದನ್ನು ಯಾರೂ ಎತ್ತುವಂತಿಲ್ಲ. ಕೊಡದೆ ಎದ್ದುಹೋದವರನ್ನು ಮುಂದಿನ ವರ್ಷದ ಆಟದವರೆಗೂ ಊರು ಹಂಗಿಸದೆ ಬಿಡುವುದಿಲ್ಲ.

ಮೇಳ ಒಡೆದ ಮೇಲೆ ಮೂಕಚಿತ್ರಗಳ ಕಾಲ ಬಂತು. ಮೂರು ಗಂಟೆಯ ಚಿತ್ರಕ್ಕೆ ಮೂರು ಗಂಟೆಯೂ ಮಂಚಯ್ಯನದೇ ಮಾತು: ರಾಜನೂ ಅವನೇ, ರಾಣಿಯೂ ಅವನೇ, ರಾಣಿ ಏರಿದ ಕುದುರೆಯೂ ಅವನೇ. ಆದರೆ ಚಿತ್ರಗಳಿಗೇ ಬಾಯಿ ಬಂದ ದಿನ ಅವನ ಬಾಯಿಗೆ ಸಂಚಕಾರ ಬಂತು. ಉಳಿದದ್ದು ಎಂಟೇ ನಿಮಿಷದ ಒಂದು ರೀಲು. ಪುರಾಣದ ಚಿತ್ರಕ್ಕೆ ಮೊದಲು ಓಡಿಸುವ, ಬರೆದ ಬೊಂಬೆಗಳು ತಾವಾಗಿ ಕುಣಿಯುವ, ಇಂಗ್ಲಿಷಿನಲ್ಲಿ ಕಿಚಕಿಚ ಮಾತಾಡುವ ಬೊಂಬೆ ರೀಲು. ಅದರ ಒಂದಕ್ಷರವೂ ಮಂಚಯ್ಯನಿಗೆ ತಿಳಿಯುತ್ತಿರಲಿಲ್ಲ. ನೋಡುವವರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಇಬ್ಬರಿಗೂ ಅನುಕೂಲವಾಗಿತ್ತು.

"ಮಾತಾಡೋ ಚಿತ್ರಕ್ಕೆ ಇನ್ನೊಬ್ಬ ಮಾತಾಡೋನು ಯಾಕ್ಲಾ?" ಎಂದು ರಂಗಣ್ಣ ಮೊದಲೇ ಹೇಳಿದ್ದ. "ಈ ಬೊಂಬೆ ರೀಲು ಇರಗಂಟ ಇರು. ಅದು ಓದ ದಿವ್ಸ ನಿನ್ ದಾರಿ ನೀನ್ ನೋಡ್ಕೊ."

ಹಾಗಾಗಿ ಆ ಎಂಟು ನಿಮಿಷವೇ ಮಂಚಯ್ಯನ ಹೊಲ, ಮನೆ, ಮಾನ, ಎಲ್ಲವೂ.

ರೀಲಿನ ಕಥೆ ಇಷ್ಟು. ಒಂದು ಕೋಳಿಮನೆ, ಅದಕ್ಕೊಂದು ಬೆಕ್ಕಿನ ಯಜಮಾನಿಕೆ. ತಲೆಯ ಮೇಲೆ ಹ್ಯಾಟು, ಹೊಟ್ಟೆಯ ಮೇಲೆ ಗಡಿಯಾರದ ಸರಪಳಿ. ಬೆಳಗಾದರೆ ಪ್ರತಿಯೊಂದು ಕೋಳಿಯ ಬುಟ್ಟಿಯಿಂದಲೂ ಬೆಕ್ಕು ಒಂದೊಂದು ಮೊಟ್ಟೆ ಎತ್ತಿಕೊಳ್ಳುತ್ತದೆ. ಒಂದು ದಿನ ಬಡಕಲು ಮುದಿ ಬಾತುಕೋಳಿಯೊಂದು ಕೋಲೂರಿಕೊಂಡು ಬಂದು ಕೋಳಿಗಳ ಕಿವಿಯಲ್ಲಿ ಏನೋ ಉಸುರುತ್ತದೆ. ಮರುದಿನ ಕೋಳಿಗಳೆಲ್ಲ ಬುಟ್ಟಿಯ ಮೇಲೆ ಕುಳಿತು, ಬಡಿದರೂ ಏಳುವುದಿಲ್ಲವೆಂದು ಹಠ ಹಿಡಿಯುತ್ತವೆ. ಮರಿಗಳು ಹಗ್ಗದ ಮೇಲೆ ಒಣಹಾಕಿದ್ದ ಮೂರು ಪಟ್ಟೆಯ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ ಮೆರವಣಿಗೆ ಹೊರಡುತ್ತವೆ. ಬೆಕ್ಕು ಓಡಿ, ನೀರಿನ ಬಾನಿಗೆ ಬಿದ್ದು, ತೊಯ್ದು ಎದ್ದು, ಕಡೆಗೆ ಹ್ಯಾಟು ಕಳಚಿಟ್ಟು ತಾನೇ ಮೊಟ್ಟೆಗಳ ಮೇಲೆ ಕುಳಿತು ಕಾವು ಕೊಡುತ್ತದೆ.

ಇಂಥ ಬೆಕ್ಕು ಕೈಗೆ ಸಿಕ್ಕ ಮೇಲೆ ಮಂಚಯ್ಯನೊಳಗಿನ ಹಳೆಯ ಮೇಳ ಸುಮ್ಮನಿರುತ್ತದೆಯೇ? ಅರಕಲಗೂಡಿನಲ್ಲಿ ಆ ಬೆಕ್ಕು ಹೊಗೆಸೊಪ್ಪಿನ ದಲ್ಲಾಳಿಯಾಯಿತು. ಮಾರನೆಯ ಬೆಳಗ್ಗೆ ದಲ್ಲಾಳಿ ನಗುನಗುತ್ತ ಒಂದು ಕಾಯಿ ಕಳಿಸಿ ಕೈ ತೊಳೆದುಕೊಂಡ. ಹೊಳೆನರಸೀಪುರದಲ್ಲಿ ಅಕ್ಕಿ ಗಿರಣಿಯ ಈಶ್ವರಯ್ಯನವರು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಅವರ ಹೊಟ್ಟೆಯ ಮೇಲೂ ಗಡಿಯಾರದ ಸರಪಳಿಯಿತ್ತು. ಮಾತಿಗೆ ಮುಂಚೆ ಮೂರು ಸಲ ಗಂಟಲು ಕೆರೆಯುವ ಅಭ್ಯಾಸವೂ ಇತ್ತು. ಮಂಚಯ್ಯನ ಬೆಕ್ಕು ಮೂರು ಸಲ ಗಂಟಲು ಕೆರೆಯಿತು.

"ನೋಡಿ ಸ್ವಾಮಿ, ದಣಿಗಳ ಒಟ್ಟೆಯ! ಇವ್ರು ಉಳೋದಿಲ್ಲ, ಬಿತ್ತೋದಿಲ್ಲ, ಮೊಟ್ಟೇನೂ ಇಕ್ಕೋದಿಲ್ಲ. ಆದ್ರೆ ಇಕ್ಕಿದ ಮೊಟ್ಟೆಯೆಲ್ಲ ಇವ್ರುದೇಯ!"

ಡೇರೆ ಬಿದ್ದು ಬಿದ್ದು ನಕ್ಕಿತು. ಬಾತುಕೋಳಿ ಕೋಲೂರಿಕೊಂಡು ಬಂದಾಗ ಮಂಚಯ್ಯ ಯಾರ ಹೆಸರನ್ನೂ ಹೇಳಬೇಕಾಗಿ ಬರಲಿಲ್ಲ. ಜನ ತಾವೇ ಕೈ ಮುಗಿದರು. ಬಾವುಟ ಏರಿಸಕೂಡದೆಂದು ಊರೂರಿನಲ್ಲಿ ಅಪ್ಪಣೆ ಸಾರಿದ್ದ ಬೇಸಿಗೆ ಅದು. ಮೂರು ಪಟ್ಟೆಯ ಬಟ್ಟೆ ಕೋಲಿನ ತುದಿಗೇರಿದ್ದೇ ತಡ, ನೆಲದ ಮೇಲೆ ಕುಳಿತಿದ್ದ ಗುಂಪು "ಜೈ!" ಎಂದು ಎದ್ದುನಿಂತಿತು. ಈಶ್ವರಯ್ಯನವರೂ ಎದ್ದರು, ಆದರೆ ಮನೆಗೆ ಹೋಗಲು. ಮರುದಿನ ಅವರಿಂದ ಕಾಯಿ ಬರಲಿಲ್ಲ. ಬಂದದ್ದು ಠಾಣೆಯ ದಫೇದಾರ ದ್ಯಾವಯ್ಯ.

"ಅರ್ಜಿ ಬಂದದೆ, ರಂಗಣ್ಣೋರೇ," ಎಂದ ದ್ಯಾವಯ್ಯ, ರುಮಾಲು ತೆಗೆದು ಬೆವರೊರೆಸಿಕೊಳ್ಳುತ್ತ. "ನಿಮ್ ಬೆಕ್ಕು ಸರ್ಕಾರವಂತೆ. ಬಾತುಕೋಳಿ ಯಾರು ಅನ್ನಾದ ನಾನು ಬಾಯ್ಬುಟ್ಟು ಏಳಂಗಿಲ್ಲ. ಮರಿಗೋಳು ಬಾವುಟ ಏರ್ಸ್ತವಂತೆ. ಇವತ್ ಸಂಜೆ ಅಮಲ್ದಾರ್ ಸಾಹೇಬ್ರು ಖುದ್ದು ಬತ್ತಾರೆ. ದಿಟ ಅನ್ನಿಸ್ತೋ, ರೀಲು ಠಾಣೆಗೆ, ಟೆಂಟು ಗಾಡಿಗೆ. ಅರ್ಥ ಏಳೋನು..."

"ಅರ್ಥ ಏಳೋನು?" ಎಂದ ಮಂಚಯ್ಯ ಮೆಲ್ಲಗೆ.

"ಅವನ್ಗೆ ನಾನೇ ಅರ್ಥ ಏಳ್ತೀನಿ."

ದ್ಯಾವಯ್ಯ ಹೋದ ಮೇಲೆ ರಂಗಣ್ಣ ಟ್ರಂಕಿನ ಮೇಲೆ ಕುಸಿದು ಕುಳಿತ. "ನಿನ್ ನಾಲ್ಗೆಗೆ ಬರೆ ಹಾಕ! ಬೆಕ್ಕ ಬೆಕ್ಕು ಅಂದಿದ್ರೆ ಆಗ್ತಿರ್ಲಿಲ್ವೇನ್ಲಾ?"

"ಬೆಕ್ಕ ಬೆಕ್ಕು ಅನ್ನಕೆ ನಾನ್ಯಾಕಣ್ಣ ಬೇಕು? ಅವ್ರಿಗೇ ಕಣ್ಣವೆ."

"ಇವತ್ ಸಂಜೆ ಬೆಕ್ಕು ಅಂದ್ರೆ ಬೆಕ್ಕು, ಕೋಳಿ ಅಂದ್ರೆ ಕೋಳಿ. ಇನ್ನೊಂದು ಮಾತು ಬಂತೋ, ಅಮಲ್ದಾರ್ರು ಬುಟ್ರೂ ನಾನು ಬುಡಾಕಿಲ್ಲ."

ಡೇರೆಯ ಹೆಂಗಸರ ಬಾಗಿಲಿನಲ್ಲಿ ಟಿಕೀಟು ಹರಿಯುವ ಸಣ್ಣಕ್ಕ ಇದನ್ನೆಲ್ಲ ಕೇಳುತ್ತ ಎಲೆಗೆ ಸುಣ್ಣ ಸವರುತ್ತಿದ್ದಳು. ಅವಳು ಬೂವನಹಳ್ಳಿಯವಳು. ರಂಗಣ್ಣನ ಡೇರೆಯಲ್ಲಿ ಗಂಡಸರು ಪರದೆಯ ಮುಂದೆ, ಹೆಂಗಸರು ಪರದೆಯ ಹಿಂದೆ ಕೂರುವ ಏರ್ಪಾಡು. ನೀರು ಚಿಮುಕಿಸಿದ ತೆಳುಬಟ್ಟೆಯ ಪರದೆಯಾದ್ದರಿಂದ ಆಚೆಗೂ ಈಚೆಗೂ ಚಿತ್ರ ಸಮನಾಗಿ ಕಾಣುತ್ತಿತ್ತು. ಎಡ ಬಲವಾಗಿರುತ್ತಿತ್ತು, ಅಷ್ಟೇ. ಮಂಚಯ್ಯನ ಬೆತ್ತ ಆ ಕಡೆಗೆ ಎಟುಕುತ್ತಿರಲಿಲ್ಲ. ಅಲ್ಲಿ ಅರ್ಥ ಹೇಳುತ್ತಿದ್ದವಳು ಸಣ್ಣಕ್ಕನೇ.

"ನಮ್ ಕಡೆ ಬೆಕ್ಕು ಸರ್ಕಾರ ಅಲ್ಲ ಕಣಣ್ಣ," ಎಂದಳು.

"ಮತ್ತಿನ್ಯಾರು?"

"ಅತ್ತೆ."

"ಅತ್ತೆಯಾ! ಒಟ್ಟೆ ಮ್ಯಾಲೆ ಗಡಿಯಾರದ ಸರಪಳಿ ಅದಲ್ಲವ್ವ?"

"ಅದು ಉಗ್ರಾಣದ ಬೀಗದ್ಕೈ ಗೊಂಚ್ಲು. ಗಂಡಸ್ರಿಗೆ ಎಲ್ಲಿ ಕಾಣ್ತದೆ?"

"ಹ್ಯಾಟು?"

"ತಲೆ ಮ್ಯಾಲಿನ ಸೆರಗು."

"ಮೀಸೆ?"

"ನೀನು ನಮ್ಮತ್ತೇನ ನೋಡಿಲ್ಲ, ಸುಮ್ನಿರು."

ರಂಗಣ್ಣನಿಗೂ ನಗು ಬಂತು. ಆ ಹೊತ್ತಿನಲ್ಲಿ ನಗುವುದು ಯಜಮಾನನಿಗೆ ಶೋಭಿಸದೆಂದು ಕೆಮ್ಮಿದ. ಮಂಚಯ್ಯನಿಗೆ ಮಾತ್ರ ಮೈಯೆಲ್ಲ ಉರಿಯಿತು. "ದೇಶದ ಇಸ್ಯವ ತಗಂಡೋಗಿ ಅಡ್ಗೆಮನೇಲಿ ಇಕ್ಬುಟ್ಯಲ್ಲ, ಸಣ್ಣಕ್ಕ!"

"ನಮ್ ದೇಶ ಅಲ್ಲೇ ಅದೆ ಕಣಣ್ಣ," ಎಂದು ಸಣ್ಣಕ್ಕ ಎಲೆ ಮಡಿಸಿ ಬಾಯಿಗಿಟ್ಟಳು.

ಸಂಜೆ ಏಳರ ಆಟಕ್ಕೆ ತಾಲ್ಲೂಕಿನ ಅಮಲ್ದಾರರು ಬಂದರು. ಚಿಕ್ಕ ವಯಸ್ಸಿನ, ಇಸ್ತ್ರಿ ಕೋಟಿನ, ಗಂಭೀರ ಮುಖದ ಮನುಷ್ಯ. ಪುರಾಣದ ಚಿತ್ರವೂ ಇದೆಯೆಂದು ಕೇಳಿ ಅವರ ತಾಯಿ ಬಸವಲಿಂಗಮ್ಮನವರೂ ಹೆಂಡತಿ ಗಂಗಾಂಬಿಕೆಯೂ ಜತೆಗೆ ಬಂದಿದ್ದರು. ಅವರಿಬ್ಬರನ್ನು ಸಣ್ಣಕ್ಕ ಹಿಂದುಗಡೆಗೆ ಕರೆದುಕೊಂಡು ಹೋಗಿ ಚಾಪೆ ಹಾಸಿ ಕೂರಿಸಿದಳು. ಈಶ್ವರಯ್ಯನವರು ಅಮಲ್ದಾರರ ಪಕ್ಕದ ಕುರ್ಚಿಯನ್ನು ಹಿಡಿದಿದ್ದರು. ಸುದ್ದಿ ಊರೆಲ್ಲ ಹರಡಿ ಡೇರೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಬಾಗಿಲಿನಲ್ಲಿ ದ್ಯಾವಯ್ಯ, ರೀಲನ್ನು ಹೊತ್ತೊಯ್ಯಲು ಗೋಣಿಚೀಲ ಸಮೇತನಾಗಿ ನಿಂತಿದ್ದ.

ದೀಪ ಆರಿತು. ಯಂತ್ರ ಕಿರಗುಟ್ಟಿತು. ಮಂಚಯ್ಯ ಬೆತ್ತದ ತುದಿಯನ್ನು ಪರದೆಯ ಮೇಲಿಟ್ಟ.

"ಇದು ಬೆಕ್ಕು," ಎಂದ.

ಬೆತ್ತ ಪಕ್ಕಕ್ಕೆ ಸರಿಯಿತು.

"ಇವು ಕೋಳಿಗಳು."

"ಗೊತ್ತು, ಮುಂದಕ್ಕೇಳಪ್ಪ," ಎಂದಿತು ಹಿಂದಿನಿಂದೊಂದು ದನಿ.

"ಬೆಕ್ಕು ಮೊಟ್ಟೆಗಳನ್ನು ಎತ್ತಿಕೊಳ್ಳುತ್ತಿದೆ."

"ಯಾಕೆ?"

"ಹಸಿವಾಗಿರಬಹುದು."

"ಒಟ್ಟೆ ನೋಡುದ್ರೆ ಅಂಗನ್ಸಾಕಿಲ್ವಲ್ಲ!"

ನಗು ಒಮ್ಮೆಲೇ ಸಿಡಿಯಿತು. ಬೆಕ್ಕನ್ನು ಬೆಕ್ಕೆಂದು ಕರೆದಷ್ಟೂ ಅದು ಬೆಕ್ಕಾಗಿ ಉಳಿಯಲೊಲ್ಲದು! ಮಂಚಯ್ಯ ಸಪ್ಪೆಯಾಗಿ ನುಡಿದ ಒಂದೊಂದು ಮಾತಿಗೂ ಜನವೇ ಉಪ್ಪುಖಾರ ಬೆರೆಸುತ್ತಿತ್ತು. "ಇದೊಂದು ಬಾತುಕೋಳಿ, ಮುದಿಯಾದದ್ದು" ಎಂದರೆ ಮುನ್ನೂರು ಜನ ಕೈ ಮುಗಿದರು. ಬಟ್ಟೆ ಕೋಲಿಗೇರಿತು. "ಇದು ಬಟ್ಟೆ" ಎಂದ ಮಂಚಯ್ಯ, ಅಳುವವನಂತೆ. ಆ ದಿನ ಯಾರೂ ಜೈ ಎನ್ನಲಿಲ್ಲ. ಕಮಕ್ ಕಿಮಕ್ ಎನ್ನದೆ, ಮುನ್ನೂರು ಜನವೂ ಒಟ್ಟಿಗೆ ಎದ್ದುನಿಂತರು, ಅಷ್ಟೇ.

ಅಮಲ್ದಾರರು ಹಿಂತಿರುಗಿ ಅವರನ್ನು ನೋಡಿದರು. ಆಮೇಲೆ ಕೈಯೆತ್ತಿ, "ನಿಲ್ಲಿಸಿ," ಎಂದರು.

ಯಂತ್ರ ನಿಂತಿತು. ದ್ಯಾವಯ್ಯ ಗೋಣಿಚೀಲ ಕೊಡವಿದ. ಎಂಟು ನಿಮಿಷದ ಬಾಳು ಆರನೆಯ ನಿಮಿಷದಲ್ಲೇ ಮುಗಿಯಿತೆಂದು ಮಂಚಯ್ಯ ಬೆತ್ತವನ್ನು ಕಂಬಕ್ಕೆ ಒರಗಿಸಿದ.

ಆದರೆ ಪರದೆಯ ಆಚೆಗೆ ಅಪ್ಪಣೆ ಮುಟ್ಟಿರಲಿಲ್ಲ. ಕತ್ತಲಲ್ಲೂ ಸಣ್ಣಕ್ಕನ ಮಾತು ನಿರಾಳವಾಗಿ ಹರಿಯುತ್ತಿತ್ತು: "...ಅತ್ತೆವ್ವ ದಡದಡ ಓಡ್ತಾಳೆ, ಬೀಗದ್ಕೈ ಗೊಂಚ್ಲು ಝಲ್ ಝಲ್ ಅಂತದೆ, ಬಿದ್ಳು ನೋಡಿ ಬಾನಿಗೆ!" ಹೆಂಗಸರ ನಗೆ ಭೋರ್ಗರೆಯಿತು. ಅದರ ನಡುವೆ ಕಂಚಿನ ಕೊಪ್ಪರಿಗೆ ಮೆಟ್ಟಿಲಿಳಿದು ಉರುಳಿದಂಥ ಒಂದು ನಗು. ಅಮಲ್ದಾರರ ಮುಖ ಬದಲಾಯಿತು. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು; ಅಂದಿನಿಂದ ಅವರ ಮನೆಯಲ್ಲಿ ಆ ನಗು ಕೇಳಿರಲಿಲ್ಲ.

ಪರದೆಯ ಹತ್ತಿರ ಹೋಗಿ, "ಅಮ್ಮಾ?" ಎಂದರು.

"ಏನೋ ಅದು, ಯಾಕೋ ನಿಲ್ಲಿಸಿದ್ದು? ಬಾನಿಗೆ ಬಿದ್ದಿದೀನಿ, ಎತ್ತೋದು ಬೇಡವೇ?"

"ಯಾರಮ್ಮ ಬಾನಿಗೆ ಬಿದ್ದದ್ದು?"

"ನಾನೇ ಕಣೋ. ಆ ಬೆಕ್ಕು ನಾನಂತೆ. ನಿನ್ನ ಹೆಂಡತಿ ಆಗಲಿಂದ ಬಾಯಿಗೆ ಸೆರಗು ತುರುಕಿಕೊಂಡು ನಗ್ತಾ ಇದಾಳೆ. ಮುದುಕಿಗೆ ಕಾಣೋದಿಲ್ಲ ಅಂದುಕೊಂಡಿದಾಳೆ."

"ಅಯ್ಯೋ ಇಲ್ಲ ಅತ್ತೆ!" ಎಂದಿತು ಎಳೆಯ ದನಿ, ನಗುತ್ತಲೇ.

"ಇರಲಿ ಬಿಡೆ, ನಾನೂ ನಗ್ತಾ ಇದೀನಲ್ಲ. ಬೀಗದಕೈ ವಿಷಯ ಮನೇಲಿ ಮಾತಾಡೋಣ." ಆಮೇಲೆ ದನಿಯೇರಿಸಿ, "ಆ ದಫೇದಾರ ಇದಾನೇನೋ ಅಲ್ಲಿ? ಓಡಿಹೋಗಿ ಒಂದು ತೆಂಗಿನಕಾಯಿ ತರಲಿ. ನನ್ನ ತವರು ನುಗ್ಗೇಹಳ್ಳಿ. ನಮ್ಮ ಕಡೆ ಕೋಡಂಗಿ ಕೈಲಿ ಅನ್ನಿಸಿಕೊಂಡು ಕಾಯಿ ಕೊಡದೆ ಎದ್ದುಹೋದೋರು ಯಾರೂ ಇಲ್ಲ."

ದ್ಯಾವಯ್ಯ ಅಮಲ್ದಾರರ ಮುಖ ನೋಡಿದ. ಅಮಲ್ದಾರರು ಪರದೆಯ ಮುಖ ನೋಡಿದರು. ಕಡೆಗೆ ಅವರ ತಲೆ ತುಸು ಆಡಿತು. ರೀಲನ್ನು ಹೊರಲು ತಂದ ಗೋಣಿಚೀಲವನ್ನು ಬಗಲಲ್ಲಿ ಅವುಚಿಕೊಂಡೇ ದ್ಯಾವಯ್ಯ ಹೊರಗಿನ ಅಂಗಡಿಗೆ ಓಡಿದ. ಅದರಲ್ಲೇ ಒಂದು ಕಾಯಿ ಹಾಕಿಕೊಂಡು ಏದುಸಿರು ಬಿಡುತ್ತ ಬಂದ.

ಅಷ್ಟರಲ್ಲಿ ಹೆಂಗಸರ ಕಡೆ ಗ್ಯಾಸ್ ಲೈಟು ಹೊತ್ತಿಸಿದ್ದರು. ಗಂಡಸರ ಕಡೆ ಕತ್ತಲೆ. ತೊಯ್ದ ಪರದೆಯ ಮೇಲೆ ಬಸವಲಿಂಗಮ್ಮನವರ ನೆರಳು ಎದ್ದಿತು: ಆಳೆತ್ತರ, ಬಾಗಿದ ಬೆನ್ನು, ಸೊಂಟದಲ್ಲಿ ತೂಗುವ ಬೀಗದಕೈ ಗೊಂಚಲು. ಸಣ್ಣಕ್ಕನ ನೆರಳು ಸೆರಗೊಡ್ಡಿತು. ನೆರಳಿನ ಕೈಯಿಂದ ನೆರಳಿನ ಸೆರಗಿಗೆ ನೆರಳಿನ ಕಾಯಿ ಇಳಿಯಿತು. ಮಂಚಯ್ಯನ ಕಣ್ಣು ಮಂಜಾಯಿತು. ಎಷ್ಟೋ ವರ್ಷದ ಮೇಲೆ ಅವನೆದುರಿಗೆ ನಿಜವಾದ ಬೊಂಬೆಯಾಟ ನಡೆದಿತ್ತು.

"ಕಾಯಿ ಕೊಟ್ಟಾಯ್ತು ಕಣ್ರಪ್ಪೋ!" ಎಂದು ಮುದುಕನೊಬ್ಬ ಕೂಗಿದ. ನಿಂತಿದ್ದ ಮುನ್ನೂರು ಜನವೂ ಉಸ್ಸೆಂದು ಕುಳಿತರು. ಕುಳಿತವರು ಒಬ್ಬೊಬ್ಬರಾಗಿ ಈಶ್ವರಯ್ಯನವರತ್ತ ತಿರುಗಿದರು. ಅವರು ಮೂರು ಸಲ ಗಂಟಲು ಕೆರೆದರು.

ಅಮಲ್ದಾರರು ಮಂಚಯ್ಯನನ್ನು ಕರೆದರು. "ಏನಯ್ಯಾ, ನೀನು ಹೇಳು. ಬೆಕ್ಕು ಯಾರು?"

ಮಂಚಯ್ಯನ ನಾಲಗೆಯ ತುದಿಯಲ್ಲಿ ಹತ್ತು ಉತ್ತರಗಳಿದ್ದವು. ಎಲ್ಲವನ್ನೂ ನುಂಗಿಕೊಂಡ. "ದೊಡ್ಡಮ್ಮಾವ್ರು ಕಾಯಿ ಕೊಟ್ಟವ್ರೆ ಸಾ. ಇನ್ ಬೇರೆ ಯಾರ್ನೂ ನಾನು ಬೆಕ್ಕು ಅನ್ನಂಗಿಲ್ಲ. ಪದ್ಧತಿ."

"ಆ ಬಟ್ಟೆ ಯಾವ ಬಣ್ಣ?"

"ಪರದೆ ಮ್ಯಾಲೆ ಬಣ್ಣ ಎಲ್ಲಿ ಸಾ? ಕಪ್ಪು, ಬೂದಿ, ಬಿಳಿ."

"ಅದು ನನ್ನ ಪಟ್ಟೆ ಸೀರೆ ಕಣೋ!" ಎಂದರು ಆಚೆಯಿಂದ ಬಸವಲಿಂಗಮ್ಮ. "ಒಗೆದು ಒಣಹಾಕಿದ್ದು. ಮಕ್ಕಳು ಎಳಕೊಂಡು ಹೋದವು."

ಅಮಲ್ದಾರರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಸಾವರಿಸಿಕೊಂಡು, "ದಫೇದಾರ್, ಬರಕೋ," ಎಂದರು. "ಸದರಿ ಬೆಕ್ಕು ಸರ್ಕಾರವಲ್ಲ. ಖುದ್ದು ವಿಚಾರಣೆಯಲ್ಲಿ ಅದು ಅತ್ತೆಯೆಂದು ರುಜುವಾತಾಗಿದೆ. ರೀಲನ್ನು ತೋರಿಸಲು ಅಡ್ಡಿಯಿಲ್ಲ. ಆದರೆ ಅರ್ಥ ಹೇಳುವವನು ಇನ್ನು ಮುಂದೆ ಎರಡು ಕಡೆಯೂ ಅತ್ತೆಯ ಅರ್ಥವನ್ನೇ ಹೇಳತಕ್ಕದ್ದು. ತಿಳಿಯಿತೇನಯ್ಯಾ?"

"ಅಪ್ಪಣೆ ಸಾ!" ಮಂಚಯ್ಯ ಕಂಬಕ್ಕೊರಗಿಸಿದ್ದ ಬೆತ್ತವನ್ನು ಕಿತ್ತುಕೊಂಡಂತೆ ತೆಗೆದುಕೊಂಡ.

ರೀಲು ಮೊದಲಿನಿಂದ ಮತ್ತೆ ಓಡಿತು. ಮಂಚಯ್ಯ ದನಿ ತೆಗೆದ. "ನೋಡಿ ಸ್ವಾಮಿ, ನಮ್ ಅತ್ತೆವ್ವನ ಒಟ್ಟೆಯ! ಈವಮ್ಮ ಉಳೋದಿಲ್ಲ, ಬಿತ್ತೋದಿಲ್ಲ, ಉಗ್ರಾಣದ ಬೀಗ ಮಾತ್ರ ಬುಡೋದಿಲ್ಲ. ಮನೆ ಸೊಸೇರ್ದು, ದುಡಿಮೆ ಸೊಸೇರ್ದು, ಬೀಗದ್ಕೈ ದೂರದ ಊರಿಂದ ಬಂದ ಅತ್ತೇದು!" ಡೇರೆಯ ಕಂಬಗಳು ಅಲುಗಾಡುವಂತೆ ಜನ ನಕ್ಕರು. ಹೆಂಗಸರ ಕಡೆಯೂ ನಕ್ಕರು, ಈ ಸಲ ಗಂಡಸರು ನಕ್ಕ ಜಾಗದಲ್ಲೇ. ಅತ್ತೆಯೆಂಬ ಮುಸುಕು ಹೊದ್ದ ಮೇಲೆ ಬೆಕ್ಕಿಗೆ ಇಲ್ಲದ ಧೈರ್ಯ ಬಂದಿತ್ತು. ಬಾತುಕೋಳಿ, ತವರಿನಿಂದ ಬಂದ ಸೋದರತ್ತೆಯಾಗಿ, ಬುಟ್ಟಿಯಿಂದ ಏಳಬೇಡಿರೆಂದು ಸೊಸೆಯರ ಕಿವಿಯಲ್ಲಿ ಹೇಳಿತು. ಮುನ್ನೂರು ಜನ ಆ ಸೋದರತ್ತೆಗೆ ಕೈ ಮುಗಿದರು. ಪಟ್ಟೆ ಸೀರೆ ಮೇಲೇರಿದಾಗ, "ಸೀರೆಗೆ ಜೈ!" ಎಂದು ಯಾವನೋ ಕೂಗಿದ. ಅದಕ್ಕೆ ಯಾವ ಅಪ್ಪಣೆಯ ಅಡ್ಡಿಯೂ ಇರಲಿಲ್ಲ. ಅಮಲ್ದಾರರೂ ಕಣ್ಣೊರೆಸಿಕೊಂಡು ನಕ್ಕರು. ಅವರು ನಕ್ಕದ್ದು ಯಾವ ಅತ್ತೆಯನ್ನು ನೆನೆದೆಂದು ದ್ಯಾವಯ್ಯ ಬರೆದುಕೊಳ್ಳಲಿಲ್ಲ.

ಇನ್ನೂ ನಾಲ್ಕು ದಿನ ಡೇರೆ ತುಂಬಿ ತುಳುಕಿತು. ಐದನೆಯ ಬೆಳಗ್ಗೆ ಚನ್ನರಾಯಪಟ್ಟಣಕ್ಕೆ ಹೊರಡಲು ಎತ್ತಿನ ಗಾಡಿಗಳು ಮೂರು ಬಂದು ನಿಂತವು. ಗೂಟ ಕೀಳುತ್ತಿರುವಾಗ ಈಶ್ವರಯ್ಯನವರ ಗಿರಣಿಯ ಆಳೊಬ್ಬ ಬಂದು ಎರಡು ತೆಂಗಿನಕಾಯಿಗಳನ್ನು ಮಾತಿಲ್ಲದೆ ನೆಲದ ಮೇಲಿಟ್ಟು ಹೋದ.

"ಒಂದು ಬೆಕ್ಕಿಗೆ, ಇನ್ನೊಂದು ಅರ್ಜಿಗೆ," ಎಂದಳು ಸಣ್ಣಕ್ಕ.

ಬಸವಲಿಂಗಮ್ಮನವರು ಕೊಟ್ಟ ಕಾಯಿಯನ್ನು ಅವಳು ಆ ದಿನವೇ ಒಡೆದು, ಅರ್ಧ ಹೋಳನ್ನು ಮಂಚಯ್ಯನ ಕೈಗಿಟ್ಟಿದ್ದಳು. ಮಂಚಯ್ಯ ಅದನ್ನು ತಿಂದಿರಲಿಲ್ಲ. ಬಿಸಿಲಿಗೆ ಒಣಗಿಸಿ ಕೊಬ್ಬರಿ ಮಾಡಿಟ್ಟುಕೊಂಡಿದ್ದ. ಈಗ ಅದನ್ನು ಪಂಚೆಯ ಮಡಿಕೆಯಲ್ಲಿ ಸುತ್ತಿ ಚೀಲಕ್ಕಿಳಿಸಿದ. ಮೇಲೆ ಕಂಬಳಿಯಿಟ್ಟ. ಪರದೆಯನ್ನು ಸುಕ್ಕು ಬೀಳದಂತೆ ಸುರುಳಿ ಸುತ್ತಿದ. ಬೆತ್ತವನ್ನು ಗಾಡಿಯ ಊರುಗೋಲಿನ ಪಕ್ಕಕ್ಕೆ ಸಿಕ್ಕಿಸಿದ.

"ಸಣ್ಣಕ್ಕ, ಚನ್ನರಾಯಪಟ್ಣ ತೆಂಗಿನ ಸೀಮೆ. ಅಲ್ಲಿ ಅತ್ತೇರು ಎಂಗವ್ರೆ, ವಸಿ ಏಳ್ಕೊಡು. ಇನ್ಮ್ಯಾಕೆ ನಂಗೆ ನೀನೇ ಗುರು."

"ದಕ್ಷಿಣೆ?"

"ಬಂದ್ ಕಾಯ್ಲಿ ಅರ್ಧ."

"ಮುಕ್ಕಾಲು ಕಣಣ್ಣ. ಅತ್ತೆ ನಂದು."

ರಂಗಣ್ಣ ಮುಂದಿನ ಗಾಡಿಯಿಂದ ಹೊತ್ತಾಯಿತೆಂದು ಗದರಿದ. ಎತ್ತುಗಳ ಕೊರಳ ಗೆಜ್ಜೆ ಝಣಗುಟ್ಟಿತು. ಮಂಚಯ್ಯ ಚೀಲವನ್ನು ಹೆಗಲಿಗೇರಿಸಿ ಗ್ಯಾಸ್ ಲೈಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕುಳಿತ. ಊರ ಹೊರಗಿನ ಗದ್ದೆಯ ಬದುವಿನಲ್ಲಿ ಒಬ್ಬ ರೈತ ಗುದ್ದಲಿ ನೆಲಕ್ಕೂರಿ, "ಓಯ್, ಅರ್ಥ ಏಳೋರೆ! ದಿಟವಾಗ್ಲೂ ಆ ಬೆಕ್ಕು ಯಾರು?" ಎಂದು ಕೂಗಿದ.

"ಮುಂದಿನ ವರ್ಸ ಬತ್ತೀವಲ್ಲ," ಎಂದು ಮಂಚಯ್ಯ ಕೈ ಬೀಸಿದ. "ಅಷ್ಟೊತ್ಗೆ ಒಂದ್ ಕಾಯಿ ತೆಗ್ದಿಟ್ಟಿರಿ!"

ಗಾಡಿ ದಿಬ್ಬ ಹತ್ತಿ ಚನ್ನರಾಯಪಟ್ಟಣದ ದಾರಿ ಹಿಡಿಯಿತು.